ಕಂಕಣ ಕಟ್ಟಿದ ಗಾಡಿ

ಕೆಂಗುಡ್ಡದ ಮೇಲಿನಹಟ್ಟಿ
ಇಸವಿ ಎರಡು ಸಾವಿರದ ನೂರ ಎಂಬತ್ತಾರು, ಮಾರ್ನೋಮಿ ಅಮಾವಾಸ್ಯೆ

ನೂರಾ ಅರವತ್ತು ವರ್ಷ ಹಿಂದಿರುವವರಿಗೆ,

ಮೇಲಿನ ತಾರೀಖು ನಿಮಗೆ ಸುಳ್ಳೆನಿಸಬಹುದು. ನನ್ನ ಕೆಲವು ಮಾತು ವಿಚಿತ್ರವಾಗಿಯೂ ಕೇಳಿಸಬಹುದು. ನಾನು ಹಟ್ಟಿಯ ಶಾಲೆಯಲ್ಲಿ ಓದು ಬರಹ ಕಲಿತವಳು, ಅಷ್ಟೇ. ದಿನಚರಿ ಬರೆದು ರೂಢಿಯಿದೆ, ಕಾಗದ ಬರೆದು ಗೊತ್ತಿಲ್ಲ. ಮಾತು ತಪ್ಪಿದ್ದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ.

ನಮ್ಮಲ್ಲಿ ರಸ್ತೆಗಳಿಲ್ಲ. ನೀವು ಅದಿರಿಗಾಗಿ ಅಗೆದು ಹಾಗೇ ಬಿಟ್ಟ ಗುಡ್ಡಗಳು ಮಳೆಮಳೆಗೂ ಜಾರಿ ರಸ್ತೆಗಳನ್ನು ನುಂಗಿದವು. ಬ್ಯಾಟರಿ ಗಾಡಿಗಳು ಒಂದೊಂದಾಗಿ ಸತ್ತವು. ಅವುಗಳೊಳಗೆ ನಮ್ಮ ಪಾನಾ ಹಾಕಲು ಜಾಗವೇ ಇರಲಿಲ್ಲ. ಉಳಿದದ್ದು ನಿಮ್ಮ ಕಾಲದ ಹುಡುಗರು ಮಣ್ಣುದಿಬ್ಬದ ಮೇಲೆ ಮೋಜಿಗೆ ಹಾರಿಸುತ್ತಿದ್ದ ಟೂ-ಸ್ಟ್ರೋಕ್ ಬೈಕು. ಅದಕ್ಕೆ ಕುಡಿಸುವುದನ್ನು ನಾವು ಬೆರಕೆ ಎನ್ನುತ್ತೇವೆ: ಜೋಳದ ಸಾರಾಯಿಗೆ ಹರಳೆಣ್ಣೆ ಹಾಕಿ ಕುಲುಕಿದ್ದು. ಪಿಸ್ಟನ್ನಿಗೆ ಬೇರೆ ಎಣ್ಣೆ ಸಿಗುವುದಿಲ್ಲ, ಬೆರಕೆಯಲ್ಲಿ ಬಂದದ್ದೇ ಅದರ ಪಾಲು. ಆ ಪಿಸ್ಟನ್ನನ್ನು ಕೆಳಗಿನಹಟ್ಟಿಯವರು ಹಳೆಯ ಅಲ್ಯೂಮಿನಿಯಂ ಪಾತ್ರೆ ಕರಗಿಸಿ ಎರೆದುಕೊಡುತ್ತಾರೆ. ಹಾವಿನ ಔಷಧಿ, ಬಾಣಂತಿಯ ಮಾತ್ರೆ, ಬೀಜ, ಸುದ್ದಿ, ಎಲ್ಲವೂ ಈ ಗಾಡಿಯ ಮೇಲೆಯೇ ಗುಡ್ಡ ಹತ್ತಬೇಕು. ನಮ್ಮ ಹಟ್ಟಿಗೆ ಇರುವುದು ಒಂದೇ ಗಾಡಿ. ಓಡಿಸುತ್ತಿದ್ದವಳು ನನ್ನ ತಂಗಿ ಹುಲಿಗೆವ್ವ. ಬಿಚ್ಚಿ ಜೋಡಿಸುವವಳು ನಾನು, ನೀಲವ್ವ.

ಇಷ್ಟು ಗಂಟೆ ಓಡಿದರೆ ಇಷ್ಟು ಬಿಚ್ಚಬೇಕೆಂಬ ಹಳೆಯ ಲೆಕ್ಕವನ್ನು ನಮ್ಮಪ್ಪ ಓಟದ ಲೆಕ್ಕಕ್ಕೆ ಇಳಿಸಿದ್ದ. ಕೆಳಗಿನಹಟ್ಟಿಗೆ ಹೋಗಿಬಂದರೆ ಒಂದು ಓಟ, ಹೆಚ್ಚುಕಡಿಮೆ ಎರಡು ಗಂಟೆ. ಪ್ರತಿ ಓಟಕ್ಕೂ ಸೀಟಿನ ಕೆಳಗಿನ ಉಸಿರುಬಟ್ಟೆಯನ್ನು, ಅಂದರೆ ನಿಮ್ಮ ಏರ್ ಫಿಲ್ಟರನ್ನು, ತೊಳೆದು ಒಣಗಿಸಿ ಎಣ್ಣೆ ಹಿಂಡಬೇಕು. ಚೈನು ನೋಡಬೇಕು, ಚಕ್ರದ ಕಡ್ಡಿಗಳನ್ನು ಬಿಗಿಯಬೇಕು. ಐದು ಓಟಕ್ಕೆ ಗೇರಿನ ಎಣ್ಣೆ. ಹತ್ತು ಓಟಕ್ಕೆ ಪಿಸ್ಟನ್ನಿನ ರಿಂಗು, ಜೊತೆಗೆ ಹರಳೆಣ್ಣೆ ಕಟ್ಟಿಸಿದ ಮಸಿ ಕೆರೆಯುವ ಕೆಲಸ. ಇಪ್ಪತ್ತಕ್ಕೆ ಪಿಸ್ಟನ್ನೇ ಹೊಸದು. ಗಾಡಿ ಚೆನ್ನಾಗಿ ಓಡುತ್ತಿದ್ದರೂ ಬಿಚ್ಚಬೇಕು. ಓಡುತ್ತಿರುವಾಗಲೇ ಬಿಚ್ಚಬೇಕು. ಕೆಡುವ ಹೊತ್ತಿಗೆ ಮುಂಚೆ ಯಾವ ಗಾಡಿಯೂ ಕೂಗಿ ಹೇಳುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ.

ಹೋದ ಚೈತ್ರದಲ್ಲಿ ಹಿರಿಯ ದ್ಯಾಮಣ್ಣನ ಮೊಮ್ಮಗಳಿಗೆ ಹಾವು ಕಚ್ಚಿತು. ಹುಲಿಗೆವ್ವ ಔಷಧಿ ತಂದಳು, ಮಗು ಉಳಿಯಿತು. ಹಟ್ಟಿಗೆ ಹಟ್ಟಿಯೇ ಕುಣಿಯಿತು. ಗಾಡಿಗೆ ವಿಭೂತಿ ಬಳಿದರು, ಚೆಂಡುಹೂವಿನ ಹಾರ ಹಾಕಿದರು. ಆಮೇಲೆ ದ್ಯಾಮಣ್ಣ ಹರಕೆ ಹೊತ್ತು ಅರಿಶಿನ ದಾರದ ಕಂಕಣ ತಂದು ಸೀಟಿಗೂ ಟ್ಯಾಂಕಿಗೂ ಸುತ್ತಿ ಬಿಗಿದ. ಮದುಮಕ್ಕಳ ಕಂಕಣವನ್ನು ನಡುವೆ ಬಿಚ್ಚದ ಹಾಗೆ ಇದನ್ನೂ ಮಾರ್ನೋಮಿಯ ತನಕ ಬಿಚ್ಚಬಾರದು ಎಂದ. ದಾರ ಕಡಿಯದೆ ಸೀಟು ಎತ್ತುವ ಹಾಗಿರಲಿಲ್ಲ, ಟ್ಯಾಂಕು ಇಳಿಸಿ ಪಿಸ್ಟನ್ ಬಿಚ್ಚುವ ಹಾಗೂ ಇರಲಿಲ್ಲ. ದಾರ ಬಿಚ್ಚಲೇಬೇಕೆಂದು ನಾನು ಹೋಗಿ ಹೇಳಿದೆ. ಹತ್ತು ಜನರ ಮುಂದೆ ಅವನು ನಕ್ಕ.

“ಓಡೋ ಗಾಡಿ ಹೊಟ್ಟಿ ಯಾಕ ಸೀಳತೀ ನೀಲವ್ವ? ದೇವರು ಕುಂತೈತಿ ಅದರಾಗ. ಓಡತೈತಲ್ಲ, ಬಿಡು.”

ಆ ಕೊನೆಯ ಮಾತು ಅವನದಲ್ಲ. ನಿಮ್ಮದು. ನಿಮ್ಮಿಂದ ಬಾಯಿಂದ ಬಾಯಿಗೆ ನಮ್ಮವರೆಗೆ ಬಂದದ್ದು. ವರ್ಷಕ್ಕೊಮ್ಮೆ ಗಾಡಿ ತೊಳೆದು, ಚಕ್ರದಡಿ ನಿಂಬೆಹಣ್ಣು ಹಿಸುಕಿ, ಮುಂದಿನ ವರ್ಷದವರೆಗೆ ಮರೆತುಬಿಡುತ್ತಿದ್ದಿರಂತೆ. ಅಂಗಡಿ ತುಂಬ ಫಿಲ್ಟರು, ಡಬ್ಬಿ ತುಂಬ ಎಣ್ಣೆ, ಕರೆದರೆ ಬರುವ ಮೆಕ್ಯಾನಿಕ್ಕು ಇದ್ದವರು ನೀವು. ಅಷ್ಟಿದ್ದೂ ನೀವು ನಮ್ಮವರೆಗೆ ದಾಟಿಸಿದ್ದು ನಿಂಬೆಹಣ್ಣನ್ನು. ಗುಡ್ಡಗಳಿಗೂ ನೀವು ಹೇಳಿದ್ದು ಇದನ್ನೇ ಅಲ್ಲವೇ? ನಿಂತೈತಲ್ಲ, ಬಿಡು.

ಆಷಾಢದ ಗಾಳಿಗೆ ಕೆಂಧೂಳು ಎದ್ದಿತು. ಅಷ್ಟರಲ್ಲಿ ಕಂಕಣ ಕಟ್ಟಿದ ಮೇಲೆ ಇಪ್ಪತ್ತು ಓಟ ದಾಟಿತ್ತು. ಒಂದು ಬೆಳಿಗ್ಗೆ ಗಾಡಿ ಶುರು ಮಾಡಿದ ತಂಗಿ ತಲೆ ಬಗ್ಗಿಸಿ ಆಲಿಸಿದಳು. ಒಳಗೆ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿದಂಥ ಸದ್ದು.

“ಅಕ್ಕಾ, ದನಿ ಬ್ಯಾರೆ ಆಗೈತಿ ನೋಡು.”

ನಾನು ಕತ್ತರಿ ತಂದೆ. ದ್ಯಾಮಣ್ಣನ ಮನೆಯವರು ಅಡ್ಡ ನಿಂತರು; ದಾರ ಕಡಿದರೆ ಮಗುವಿಗೆ ಕೇಡು ಎಂದರು. ಮಗು ಅಲ್ಲೇ ಆಡುತ್ತಿತ್ತು. ಅದರ ಮುಖ ನೋಡಿ ಹುಲಿಗೆವ್ವ ಇದೊಂದು ಓಟ ಹೋಗಿ ಬರುತ್ತೇನೆ ಎಂದಳು. ಹಳೆಯ ಗಣಿಯ ಇಳಿಜಾರಿನಲ್ಲಿ ಆಕ್ಸಿಲರೇಟರು ಬಿಟ್ಟು ಇಳಿಯುವಾಗ ಬೆರಕೆ ಕಡಿಮೆಯಾಗಿ, ಎಣ್ಣೆ ಸಾಲದೆ ಪಿಸ್ಟನ್ ಕಚ್ಚಿಕೊಂಡಿತು. ಹಿಂದಿನ ಚಕ್ರ ಓಡುತ್ತಿದ್ದಲ್ಲೇ ನಿಂತಿತು. ಕ್ಲಚ್ ಹಿಡಿಯಲು ಸಮಯ ಸಿಗಲಿಲ್ಲ. ನಾವು ಹೋದಾಗ ಅವಳ ಕತ್ತು ಮುರಿದಿತ್ತು. ಕಂಕಣ ಹರಿದಿರಲಿಲ್ಲ. ಅದನ್ನು ನಾನೇ ಕಡಿದೆ. ಉಸಿರುಬಟ್ಟೆ ಕೆಮ್ಮಣ್ಣಿನ ಹೆಂಟೆಯಾಗಿತ್ತು.

ಗಾಡಿಯನ್ನು ಮತ್ತೆ ಕಟ್ಟಿದ್ದೇನೆ. ನಾಳೆಯಿಂದ ಹುಲಿಗೆವ್ವನ ಮಗಳು ಚಂದ್ರವ್ವ ಓಡಿಸುತ್ತಾಳೆ. ಓಡಿಸಲು ಬರುವವರು ಬೇರೆ ಯಾರೂ ಇಲ್ಲ. ಇವತ್ತು ದ್ಯಾಮಣ್ಣ ಮತ್ತೆ ಅರಿಶಿನ ದಾರ ಹಿಡಿದು ಅಂಗಳಕ್ಕೆ ಬಂದ. ನಾನು ಕೂಗಾಡಲಿಲ್ಲ. ಸೀಟು ಎತ್ತಿ ಉಸಿರುಬಟ್ಟೆಯನ್ನು ಅವನ ಕೈಗಿಟ್ಟು ತೊಳೆ ಎಂದೆ. ಹಿರಿಯ ಮನುಷ್ಯ ಮುಕ್ಕಾಲಿ ಮೇಲೆ ಕೂತು ತೊಳೆದ. ನೀರು ಕೆಂಪಾಯಿತು, ಚೆಲ್ಲಿ ಮತ್ತೆ ತೊಳೆದ. ನನಗೆ ಕರುಣೆ ಬರಲಿಲ್ಲ, ಈಗಲೂ ಬಂದಿಲ್ಲ. ನೀರು ತಿಳಿಯಾದ ಮೇಲೆ ದಾರವನ್ನು ಎಲ್ಲಿ ಕಟ್ಟಲಿ ಎಂದು ಕೇಳಿದ.

“ನಿನ್ನ ಕೈಗೆ ಕಟ್ಟಿಕೋ. ಓಟ ಮುಗಿದಾಗೆಲ್ಲ ಬಂದು ತೊಳಿ. ಬಿಚ್ಚೋ ದಿನ ನಾನು ಹೇಳತೀನಿ.”

ಒಂಟಿ ಕೈಯಲ್ಲಿ ಗಂಟು ಬೀಳಲಿಲ್ಲ. ಚಂದ್ರವ್ವ ಬಂದು ಬಿಗಿದು ಕಟ್ಟಿದಳು.

ನಿಮ್ಮ ಅಂಗಳದಲ್ಲೂ ಒಂದು ಗಾಡಿ ನಿಂತಿದೆ, ನನಗೆ ಗೊತ್ತು. ಓಡುತ್ತಿದೆ ಎಂಬುದೂ ಗೊತ್ತು. ಕಾಗದ ಇಲ್ಲಿಗೆ ಮಡಚಿಡಿ. ಹೋಗಿ ಸೀಟು ಎತ್ತಿ ನೋಡಿ.

ನೀಲವ್ವ
ಹುಲಿಗೆವ್ವನ ಅಕ್ಕ