ಒಳಕೋಣೆಯ ಖಂಡಾಳಾ ಘಾಟ್

೮ ಜನವರಿ ೧೯೫೬, ಭಾನುವಾರ

ಟೇಬಲ್ಲಿನ ಮೂಲೆಯಲ್ಲಿ ಆಟದ ರೈಲಿನ ಹಳಿ ಮತ್ತೆ ಎದ್ದಿತ್ತು. ಮೊಳೆ ಹೊಡೆದು ಕೂರಿಸಿದೆ. ಕೀಲಿ ಕೊಟ್ಟರೆ ಇಂಜಿನ್ ಈಗ ಟೇಬಲ್ ಪೂರ್ತಿ ಸುತ್ತಿ ಬರುತ್ತದೆ. ಆದರೆ ಹಿಂದೆ ಏನಿದೆ? ಸುಣ್ಣದ ಗೋಡೆ. ಮುಂಬಯಿ ಪರೇಲಿನ ಗೋಡೆ. ನನಗೆ ಖಂಡಾಳಾ ಘಾಟ್ ಬೇಕು. ಊರಿಗೆ ಹೋಗುವಾಗ ಕಿಟಕಿಯಲ್ಲಿ ಕಾಣುವ ಆ ಬೆಟ್ಟ, ಆ ಕಣಿವೆ.

ಸರ್ವೀಸ್ ಪೂರ್ತಿ ರೇಲ್ವೆ ಡ್ರಾಯಿಂಗ್ ಆಫೀಸಿನಲ್ಲಿ ಬೇರೆಯವರ ಸೇತುವೆ ಬರೆದೆ. ರಿಟೈರ್ ಆದ ಮೇಲೆ ಇದೊಂದು ನನ್ನದು. ಆದರೆ ಸ್ಕೇಲ್ ಇಲ್ಲದೆ ನನಗೆ ಗೆರೆ ಬಾರದು. ಮಗಳು ಚಂದ್ರವ್ವನಿಗೆ ಬರುತ್ತದೆ. ಕರೆದು ಕೂರಿಸಿದೆ.

"ಅಡಿಗಿ ಆಗಿಲ್ಲೋ ಅಪ್ಪಾ" ಅಂದಳು.

ಅಡಿಗೆ ಆಮೇಲೆ.

೨೨ ಜನವರಿ, ಭಾನುವಾರ

ಮೇಲಿನ ಮನೆಯ ಗಂಗುಬಾಯಿ ಒಬ್ಬನನ್ನು ಕರೆತಂದಳು. ಶಂಕ್ರೆಪ್ಪ. ವಿಜಾಪುರದ ಕಡೆಯವನು. ಗೋರೆಗಾಂವ್ ಸ್ಟುಡಿಯೋದಲ್ಲಿ ಸಿನಿಮಾದವರಿಗೆ ಹಿನ್ನೆಲೆಯ ಪರದೆ ಬಳಿಯುವ ಕೆಲಸ.

"ಚಂದ್ರವ್ವನ್ನ ನೋಡಾಕ ಬಂದಾನ್ರಿ."

ಪರದೆ ಬಳಿಯುವವನೇ? ಮೊದಲು ಗೋಡೆ ತೋರಿಸಿದೆ. ಒಳ್ಳೆಯ ಕಣ್ಣು. ಗೋಡೆ ಗೋಡೆ ಸೇರುವಲ್ಲಿ ಕೈಯಿಟ್ಟು, "ಆಕಾಶಕ್ಕ ಮೂಲಿ ಇರಬಾರದ್ರಿ. ತಗಡು ಬಗ್ಗಿಸಿ ಕೂಡ್ರಿಸೂಣು" ಅಂದ. ಬಾಗಿಲಲ್ಲಿ ನಿಂತಿದ್ದ ಚಂದ್ರಾ ನಕ್ಕಳು. ಅವಳ ನಗು ಕೇಳಿ ಬಹಳ ಕಾಲವಾಗಿತ್ತು.

ಹೋಗುವಾಗ ಗಂಗುಬಾಯಿ, "ಏನ್ ಹೇಳಲ್ರಿ ಅಂವಗ?"

"ಗೋಡಿ ಮುಗೀಲಿ. ಆಮ್ಯಾಲ ಮಾತಾಡೂಣು."

೧೨ ಫೆಬ್ರವರಿ, ಭಾನುವಾರ

ತಗಡು ಕೂತಿತು. ಆಕಾಶ ಈಗ ಎಲ್ಲೂ ಮುರಿಯುವುದಿಲ್ಲ. ಪ್ರತಿ ಭಾನುವಾರ ಬೆಳಗಿನ ಲೋಕಲ್ ಹಿಡಿದು ಬರುತ್ತಾನೆ. ಕೊಡುವುದು ಚಹಾ, ಊಟ, ಅಷ್ಟೇ.

ದಿಗಂತ ಎಷ್ಟು ಎತ್ತರಕ್ಕೆ ಇರಬೇಕೆಂದು ವಾದವಾಯಿತು. ಕೊನೆಗೆ ಚಂದ್ರಾಳನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ಅವಳ ಕಣ್ಣಿನ ಮಟ್ಟಕ್ಕೆ ಗೋಡೆಯ ಮೇಲೆ ಗುರುತು ಹಾಕಿದ. ತೀರ ಅಷ್ಟು ಹೊತ್ತು ನೋಡಬೇಕಿರಲಿಲ್ಲ. ದೂರದ ಬೆಟ್ಟಗಳಿಗೆ ಹಸಿರು ಬೇಡ, ಹೊಗೆನೀಲಿ ಸಾಕು ಅಂದ. ಅವಳು ಬಳಿದಳು. ಅವನು ಪಕ್ಕದಲ್ಲಿದ್ದರೆ ಅವಳ ಕೈ ಚೆನ್ನಾಗಿ ಓಡುತ್ತದೆ. ಅಷ್ಟರ ಮಟ್ಟಿಗೆ ಉಪಯೋಗ.

೨೫ ಮಾರ್ಚ್, ಭಾನುವಾರ

ಹಳೇ ಪೇಪರು, ಗೋಂದು, ಅದರ ಮೇಲೆ ಪ್ಲಾಸ್ಟರು — ಬೆಟ್ಟದ ಬುಡ ಆಯಿತು. ಒಣಗಿದ ಹೀರೇಕಾಯಿ ನಾರಿಗೆ ಹಸಿರು ಬಣ್ಣ ಹಾಕಿ ಗಿಡ ಮಾಡಿದ್ದಾರೆ. ದೂರದಿಂದ ನಿಜವೇ.

ಗಂಗುಬಾಯಿ ಮತ್ತೆ ಬಂದಳು. ಹುಡುಗನ ತಾಯಿಗೆ ಮೈ ಸರಿಯಿಲ್ಲವಂತೆ. ಲಗ್ನ ಕಣ್ಣಿಂದ ನೋಡಬೇಕಂತೆ.

"ಮಾಡಿ ಕೊಡೂಣು" ಅಂದೆ. ಬಾಯಿಮಾತು, ಅದಕ್ಕೇನು. ಚಂದ್ರಾ ಅಡಿಗೆಮನೆಯಲ್ಲಿ ಕೇಳಿಸಿಕೊಂಡಳು. ಊಟ ಬಡಿಸಿದವಳು ತಾನು ಉಣ್ಣದೆ ಕೂತು ಜಲಪಾತ ಮುಗಿಸಿದಳು. ಇಂಥ ನೀರನ್ನು ನಾನು ಘಾಟಿನಲ್ಲೂ ಕಂಡಿಲ್ಲ.

೬ ಮೇ, ಭಾನುವಾರ

ಗೋಡೆ ಮುಗಿಯಿತು. ಲೈಟ್ ಹಚ್ಚಿ ಇಂಜಿನ್ ಬಿಟ್ಟೆ. ಕಣ್ಣು ತುಂಬಿತು.

ಶಂಕ್ರೆಪ್ಪ ತಾನೇ ಬಾಯಿಬಿಟ್ಟ. "ಇನ್ನ ನಮ್ಮ ಮಾತ ಮುಗಿಸೂಣೇನ್ರಿ?"

"ನಮ್ಮ ಮನೆತನಕ್ಕ ಪರದೆ ಬಳಿಯಾವ ಅಳಿಯ ಬ್ಯಾಡ."

ಗೋಡೆ ನೋಡಿದ. ನನ್ನ ನೋಡಿದ. "ಹಂಗಾದ್ರ ಇಷ್ಟ ದಿನಾ ಯಾಕ ಕರದ್ರಿ?"

"ಪರದೆ ಬಳಿಯಾಕ."

ಬ್ರಷ್‌ಗಳನ್ನೆಲ್ಲ ತೊಳೆದು, ಒರೆಸಿ, ಸಾಲಾಗಿ ಇಟ್ಟು ಹೋದ. ಚಂದ್ರಾಳ ಕಡೆ ತಿರುಗಲಿಲ್ಲ.

ರೈಲು ಸುರಂಗಕ್ಕೆ ನುಗ್ಗುವ ಕಡೆಯ ಎರಡನೇ ಗೋಡೆ ಇನ್ನೂ ಬಾಕಿಯಿದೆ. ಅವಳು ಹೋದರೆ ಅದನ್ನು ಬರೆಯುವವರು ಯಾರು? ನನ್ನ ಊಟ ಯಾರು ನೋಡಬೇಕು? ಇದನ್ನು ಯಾರಿಗೂ ಹೇಳಬೇಕಾಗಿಲ್ಲ.

೭ ಮೇ

"ನೀ ಮಾತ ಕೊಟ್ಟಿದ್ದಿ ಅಪ್ಪಾ."

"ಮೂವತ್ತ ಮುಟ್ಟಿದಾಕಿನ್ನ ನೋಡಾಕ ಬರ್ತಿದ್ನೇನ ಅಂವ? ಗೋಡಿ ನೋಡಾಕ ಬರ್ತಿದ್ದ."

ಹೇಳಬಾರದಿತ್ತೇನೋ... ಹೇಳಿದ್ದಾಯಿತು. ಅಳಲಿಲ್ಲ. ಚಹಾ ಹೊತ್ತಿಗೆ ಸರಿಯಾಗಿ ತಂದಿಟ್ಟಳು.

೧೯ ಆಗಸ್ಟ್, ಭಾನುವಾರ

ಎರಡನೇ ಗೋಡೆ ಬಿಳಿಯಾಗಿಯೇ ಇದೆ. ಕರೆದರೆ ಬರುತ್ತಾಳೆ. ಹೇಳಿದ್ದಷ್ಟು ಮಾಡುತ್ತಾಳೆ.

"ಗಿಡ ಬರಿ."

"ಎಲ್ಲೆ ಬರೀಲ್ರಿ?"

ಬೆರಳು ತೋರಿಸಿದೆ.

"ಎಷ್ಟ ಎತ್ತರ್ರಿ? ಯಾವ ಹಸರ್ರಿ?"

ಹುಟ್ಟಿದಾಗಿನಿಂದ ನನಗೆ ‘ನೀ’ ಅಂದವಳು. ಈಗ ಆಫೀಸಿನ ಸಾಹೇಬನಿಗೆ ಅಂದಂತೆ ಮಾತುಮಾತಿಗೆ ‘ರಿ’. ಬೆರಳಿಟ್ಟಲ್ಲಿ ಗಿಡ ಬರೆದು ಬ್ರಷ್ ಕೆಳಗಿಟ್ಟಳು. ಗಿಡದ ಕೆಳಗೆ ನೆಲವಿಲ್ಲ. ನಾನು ನೆಲ ಹೇಳಿರಲಿಲ್ಲ.

೩೦ ಸೆಪ್ಟೆಂಬರ್, ಭಾನುವಾರ

ನಾನೇ ಬೆಟ್ಟ ಬರೆದು ನೋಡಿದೆ. ಮೆಟ್ಟಿಲಿನಂತಾಯಿತು. ಕೆರೆದು ತೆಗೆದೆ.

ಮನೆಯಲ್ಲಿ ದಿನವಿಡೀ ಒಂದು ಮಾತಿಲ್ಲ. ಇಂಜಿನ್ ಸದ್ದು ತಲೆಗೆ ಹೊಡೆಯುತ್ತದೆ. ಸಂಜೆ ಮೇಲೆ ಹೋಗಿ ಗಂಗುಬಾಯಿಗೆ ಹೇಳಿದೆ — ಶಂಕ್ರೆಪ್ಪನನ್ನು ಕರೆಸು, ಲಗ್ನಕ್ಕೆ ನಾನು ಒಪ್ಪಿದ್ದೇನೆ.

ಒಳಗೆ ಬಾ ಎನ್ನಲಿಲ್ಲ. ಹೊಸ್ತಿಲಲ್ಲೇ ನಿಂತು, "ಜ್ಯೇಷ್ಠದಾಗ ಅಂವನ ಲಗ್ನ ಆಗಿ ಹೋತ್ರಿ. ತಾಯಿ ಹಾಸಿಗಿ ಹಿಡದಿದ್ಲು, ನಿಂತಕಾಲ ಮ್ಯಾಲ ಮಾಡಿದ್ರು."

"ಚಂದ್ರಾಗ ಹೇಳಬ್ಯಾಡ್ರಿ."

"ಆಕಿಗೆ ಆವಾಗೇ ಗೊತ್ತೈತ್ರಿ. ಹೊಸಾ ಮದಲಗಿತ್ತಿಗಂತ ತನ್ನ ಲಗ್ನಕ್ಕಂತ ಇಟ್ಟಿದ್ದ ಹಸರ ಸೀರಿ ಕೊಟ್ಟ ಕಳಿಸಿದ್ಲಲ್ಲ, ನನ್ನ ಕೈಯಾಗ."

ಕದ ಹಾಕಿಕೊಂಡಳು.

೧ ಅಕ್ಟೋಬರ್, ಮಧ್ಯಾಹ್ನ

ಇಷ್ಟು ತಿಂಗಳು ಗೊತ್ತಿದ್ದೂ ನನಗೆ ರೊಟ್ಟಿ ಬಡಿದು ಹಾಕಿದ್ದಾಳೆ. ಏನಾದರೂ ಮಾತಾಡಬೇಕು. ಗೋಡೆಯ ಮಾತಲ್ಲ.

"ಚಂದ್ರಾ" ಅಂದೆ. ಬಂದಳು. ಸೆರಗಿಗೆ ಕೈ ಒರೆಸಿಕೊಂಡು ಬ್ರಷ್ ತೆಗೆದುಕೊಂಡಳು. ಗೋಡೆಗೆ ಮುಖ ಮಾಡಿ ನಿಂತಳು.

"ಏನ್ ಬರೀಲ್ರಿ?"

ಇನ್ನೂ ನಿಂತೇ ಇದ್ದಾಳೆ. ನಾನು ಏನೋ ಲೆಕ್ಕ ಹಾಕುವವನಂತೆ ಇದನ್ನು ಬರೆಯುತ್ತಾ ಕೂತಿದ್ದೇನೆ. ತಲೆ ಎತ್ತಿದರೆ ಹೇಳಬೇಕಾಗುತ್ತದೆ — ಏನಂತ