ನಿಂತ ಸುಣ್ಣಕಲ್ಲು

ನದಿದಂಡೆಯ ಶಿಬಿರ,
ಮಾರ್ಚ್ ೧೪, ಸಂಜೆ

ರೀ,

ಹೇಗಿದ್ದೀರಿ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಪುಡಿ ಹಚ್ಚಿಕೊಳ್ಳಲು ಮರೆಯಬೇಡಿ, ನೀವು ಮರೆಯುವವರೇ. ನಾನು ಕ್ಷೇಮ. ನಿಮ್ಮಮ್ಮನೂ ಕ್ಷೇಮ, ಎದುರಿನ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದಾರೆ. ಇದನ್ನು ಮೊದಲೇ ಬರೆದಿದ್ದೇನೆ, ಮುಂದಿನದನ್ನು ಓದುವಾಗ ನಿಮ್ಮ ಎದೆ ಒಡೆಯದಿರಲಿ ಎಂದು.

ಕಾಡಿನೊಳಗಿನ ಸುಣ್ಣಕಲ್ಲಿನ ಕೋಡುಗಳನ್ನು ನೋಡಲೇಬೇಕೆಂದು ಹಟ ಹಿಡಿದವರು ಅವರೇ. "ಕ್ವಾರಿಯಲ್ಲಿ ಜೀವಮಾನವೆಲ್ಲ ಆ ಕಲ್ಲನ್ನ ಒಡೆದಿದ್ದೀನಿ. ಒಂದ್ಸಲ ಅದು ತಲೆಯೆತ್ತಿ ನಿಂತಿರೋದನ್ನ ನೋಡ್ಬೇಡ್ವಾ?" ಎಂದರೆ ಎದುರು ಮಾತಾಡುವ ಧೈರ್ಯ ನಿಮಗೇ ಇಲ್ಲ, ನನಗೆಲ್ಲಿಂದ ಬರಬೇಕು! ನಿನ್ನೆಯೆಲ್ಲ ಕೆಸರು, ಬೇರು, ಕಾಲುಚೀಲದೊಳಗೆ ಜಿಗಣೆ. ಇವತ್ತು ಬೆಳಕು ಹರಿಯುತ್ತಲೇ ಹತ್ತತೊಡಗಿದೆವು. ಕಡೆಯ ಏರಿನಲ್ಲಿ ಬಂಡೆಗೆ ಬಿಗಿದ ಕಬ್ಬಿಣದ ಏಣಿಗಳು, ಎರಡೂ ಬದಿಗೆ ಕತ್ತಿಯ ಅಲಗಿನಂಥ ಕಲ್ಲು. ತುದಿ ಮುಟ್ಟಿದರೆ ಬರೀ ಮೋಡ. ಮಳೆ ಬಂದರೆ ಏಣಿ ಜಾರುತ್ತದೆ, ಏಳಿ ಎಂದು ಮಾರ್ಗದರ್ಶಿ ಅವಸರ ಮಾಡಿದ. ನಿಮ್ಮಮ್ಮ ಜಪ್ಪಯ್ಯ ಎಂದರೂ ಏಳಲಿಲ್ಲ. ಕೊನೆಗೆ ಮೋಡವೇ ಸೋತು ಸರಿಯಿತು. ಮರಗಳನ್ನೂ ಮೀರಿ ಎದ್ದುನಿಂತ ಬೂದುಬಿಳಿ ಈಟಿಗಳು, ಕಣ್ಣು ಹಾಯುವವರೆಗೂ. ಅವರು ನನ್ನ ರಟ್ಟೆ ಹಿಡಿದು, "ನನ್ನ ಸುತ್ತಿಗೆಗೆ ಸಿಗದೆ ಬದುಕ್ಕೊಂಡಿದೆ ನೋಡು" ಎಂದರು.

ಇಳಿಯುವಾಗ ಮಳೆ ಹಿಡಿಯಿತು. ಕೆಳಗೆ ಮಾರ್ಗದರ್ಶಿ, ನಡುವೆ ಅವರು, ಅವರ ಸೊಂಟದ ಹಗ್ಗ ಹಿಡಿದು ಮೇಲೆ ನಾನು. ಒಂದು ಏಣಿಯ ಅರ್ಧದಲ್ಲಿ ಅವರ ಕಾಲು ಮೆಟ್ಟಿಲು ತಪ್ಪಿತು. ಹಗ್ಗ ನನ್ನ ಅಂಗೈ ಸುಲಿಯುತ್ತ ಸರ್ರನೆ ಓಡಿ ನಿಂತಿತು. ಅವರು ಏಣಿಯನ್ನು ತಬ್ಬಿಕೊಂಡವರು ಅಲುಗಲೇ ಇಲ್ಲ. ಹೆದರಿದ್ದಾರೆಂದು ನಾನು ಗದರಿದೆ. ಆಗ ಅಂದರು: "ಹೆದರಿಕೆ ಅಲ್ಲ ಕಣೇ. ಮೆಟ್ಟಿಲು ಕಾಣ್ತಿಲ್ಲ. ಬಲಗಣ್ಣು ಹೋಗಿ ವರ್ಷ ಆಯ್ತು. ಎಡಗಣ್ಣಲ್ಲಿ ನೋಡಿದ್ರೆ ಕೊಳವೆಯೊಳಗಿಂದ ನೋಡಿದ ಹಾಗೆ." ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಆ ಏಣಿಯ ಮೇಲೆ ನಿಂತೇ, "ಹೇಳಿದ್ರೆ ಕರ್ಕೊಂಡ್ ಬರ್ತಿದ್ಯಾ?" ಎಂದರು! ಪುಣ್ಯಕ್ಕೆ ನನ್ನ ಬಾಯಿ ಕೈಕೊಡಲಿಲ್ಲ. "ಎಡಗಾಲು ಬಿಡಿ ಅತ್ತೇ, ಇನ್ನೂ ಕೆಳಗೆ, ಹಾಂ, ಊರಿ." ಒಂದೊಂದು ಮೆಟ್ಟಿಲಿಗೂ ಹೀಗೆ ಕೂಗಿದೆ, ಕೆಳಗಿನಿಂದ ಮಾರ್ಗದರ್ಶಿ ಅವರ ಪಾದ ಹಿಡಿದು ಇರಿಸಿದ. ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳದ ನಿಮ್ಮಮ್ಮ ನನ್ನ ಮಾತು ಕೇಳಿದರು. ನೆಲ ಸಿಕ್ಕಿದ ಮೇಲೆ, "ನಿನ್ನ ಗಂಟಲು ಜೋರಿರೋದು ಒಳ್ಳೇದಾಯ್ತು" ಎಂದು ನಕ್ಕವರು, ನನ್ನ ಹೆಗಲಿಗೆ ಒರಗಿದರು.

ಅಂಗೈಗೆ ಬಟ್ಟೆ ಸುತ್ತಿದ್ದೇನೆ, ಅದಕ್ಕೇ ಅಕ್ಷರ ಸೊಟ್ಟ. ಹಡಗಿನ ಗೆಳೆಯರಿಗೆಲ್ಲ ಕೇಳಿದೆನೆಂದು ಹೇಳಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ಬಾಯಿಬಡುಕಿ

ತಾ.ಕ.: ಕಾಗದ ಒಯ್ಯುವ ದೋಣಿಯವನು ಕೂಗುತ್ತಿದ್ದಾನೆ. ಬೇಗ ಆಪರೇಷನ್ ಮಾಡಿಸಿದರೆ ಎಡಗಣ್ಣಿನಲ್ಲಿ ಇರುವಷ್ಟಾದರೂ ಉಳಿಯಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಇವರು ಒಲ್ಲೆ ಎಂದು ಬಂದಿದ್ದಾರೆ. "ನೋಡೋದು ನೋಡಾಯ್ತು, ಇನ್ಯಾಕೆ?" ಅನ್ನುತ್ತಾರೆ. ಏಣಿ ಇಳಿದ ಮೇಲೆ ನನ್ನ ಮಾತು ನಡೆಯುವುದಿಲ್ಲ. ಮುಂದಿನ ಬಂದರಿನಲ್ಲೇ ಇಳಿದುಬಿಡಿ. ನಿಮ್ಮ ಮುಖ ಅವರಿಗೆ ಕಾಣುತ್ತಿರುವಾಗಲೇ ಬನ್ನಿ.