ಬಾಗಿಲು ತೆರೆದವರು ಯಾರು

ಸಮುದಾಯ ಭವನದ ಹಿಂದಿನ ಕೋಣೆ,
ಮಾರ್ಚ್ ೧೪, ಮಂಗಳವಾರ ಮಧ್ಯಾಹ್ನ

ನಮ್ಮ ಮನೆಯ ಯಜಮಾನಿಗೆ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಮಗಳು ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ? ಮೊಮ್ಮಗಳು ಬಿಡದೆ ಅಳುತ್ತಾಳೆಂದು ನೀನು ಬರೆದಿದ್ದೆ. ಅವಳ ಅಮ್ಮ ಅತ್ತದ್ದರ ಮುಂದೆ ಅದೇನೂ ಅಲ್ಲ ಬಿಡು. ನಾನು ಚೆನ್ನಾಗಿದ್ದೇನೆ. ಅಂದರೆ ಮೈ ಚೆನ್ನಾಗಿದೆ, ತಲೆ ಮಾತ್ರ ಕೆಟ್ಟು ಕೂತಿದೆ.

ನಮ್ಮ ಭವನಕ್ಕೆ ಐವತ್ತು ವರ್ಷವಾಯಿತೆಂದು ಇತಿಹಾಸದ ಪುಸ್ತಕ ತರುತ್ತಾರಂತೆ. ಬರೆಯುವವರು ನಿವೃತ್ತ ಮೇಷ್ಟ್ರು. ಇಪ್ಪತ್ತೊಂಬತ್ತು ವರ್ಷದಿಂದ ಇಲ್ಲೇ ಕಾವಲಿರುವವನೆಂದು ನನ್ನನ್ನು ಹಿಡಿದುಕೊಂಡರು. ಅಂದಿನಿಂದ ಈ ಕೋಣೆಯ ಬಾಗಿಲಲ್ಲಿ ಜನವೋ ಜನ. ವೇದಿಕೆ ಕಟ್ಟಿಸಿದ್ದು ತನ್ನ ಅಜ್ಜ ಎನ್ನುತ್ತಾನೆ ದರ್ಜಿ. ಅಲ್ಲವೇ ಅಲ್ಲ, ನಮ್ಮಪ್ಪ ಎನ್ನುತ್ತಾನೆ ಬೇಕರಿಯವನು. ಕಿರುಗುಟ್ಟುವ ಒಂದೇ ಒಂದು ಹಳೇ ಫ್ಯಾನಿಗೆ ಮೂವರು ದಾನಿಗಳು ಹುಟ್ಟಿಕೊಂಡಿದ್ದಾರೆ! ಇಂಥದ್ದೆಲ್ಲ ನೆನಪಿರುವುದು ನಿನಗೆ, ನೀನೋ ಅಲ್ಲಿ ತೊಟ್ಟಿಲು ತೂಗುತ್ತಿದ್ದೀಯ. (ಮಧ್ಯೆ ಕೇಳಿಬಿಡುತ್ತೇನೆ, ಸೂಜಿದಾರದ ಡಬ್ಬಿ ಎಲ್ಲಿಟ್ಟಿದ್ದೀಯ? ಮೂರು ಅಂಗಿಗೆ ಗುಂಡಿಯಿಲ್ಲ.)

ಅಷ್ಟಕ್ಕೇ ಮುಗಿದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನಿನ್ನೆ ಸಮಿತಿಯ ಸಭೆಯಲ್ಲಿ ಮೇಷ್ಟ್ರು ನೆರೆ ಬಂದ ವರ್ಷದ ಪುಟವನ್ನು ಓದಿದರು. ಅಂದಿನ ಅಧ್ಯಕ್ಷರು, ಅಂದರೆ ಈಗಿನ ಅಧ್ಯಕ್ಷರ ತಂದೆ, "ಸ್ವತಃ ಬಾಗಿಲು ತೆರೆದು ನೊಂದವರನ್ನು ಬರಮಾಡಿಕೊಂಡರು" ಅಂತೆ! ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಆ ಮಹಾನುಭಾವರು ಭವನಕ್ಕೆ ಬೀಗ ಜಡಿದು ನೆಂಟರ ಮನೆಗೆ ಹೋಗಿದ್ದರಲ್ಲ! ಕೆಳಗಿನ ಬೀದಿಯವರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಎದೆಮಟ್ಟದ ನೀರಿನಲ್ಲಿ ಬಂದಾಗ, "ಅಧ್ಯಕ್ಷರನ್ನ ಕೇಳದೆ ಹೇಗೇ ತೆಗೆಯೋದು?" ಎಂದು ಮೆಟ್ಟಿಲ ಮೇಲೆ ಕೈಕೈ ಹಿಸುಕಿಕೊಂಡವನು ನಾನು. "ನೀರು ಅವರನ್ನ ಕೇಳಿಕೊಂಡು ಬಂತೇನ್ರೀ?" ಎಂದು ಗುಂಡುಕಲ್ಲಿನಿಂದ ಬೀಗ ಒಡೆದವಳು ನೀನು. ಹನ್ನೊಂದು ದಿನ ಇನ್ನೂರು ಜನಕ್ಕೆ ಬೇಯಿಸಿ ಹಾಕಿದವಳೂ ನೀನೇ.

ಎದ್ದು ನಿಂತು ಇಷ್ಟನ್ನೂ ಹೇಳಿದೆ. ಅಧ್ಯಕ್ಷರು ನಕ್ಕು, "ಆಯ್ತಪ್ಪ, ಕಾವಲುಗಾರನ ಕುಟುಂಬವೂ ಸಹಕರಿಸಿತು ಅಂತ ಒಂದು ಸಾಲು ಸೇರಿಸಿಬಿಡೋಣ" ಅಂದರು. ಸಹಕರಿಸಿತಂತೆ, ಸಹಕಾರ! ಆ ನೆರೆಯಲ್ಲಿ ಜ್ವರ ಬಂದು ನಿನ್ನ ತೊಡೆಯ ಮೇಲೆ ಮಲಗಿದ್ದ ಹುಡುಗಿ ಈಗ ನರ್ಸು, ಸಮಿತಿಯಲ್ಲೂ ಇದ್ದಾಳೆ. ತಲೆ ತಗ್ಗಿಸಿ ಕೂತಿದ್ದಳು. ಅವಳನ್ನೇನು ಬೈಯಲಿ? "ಬೀಗ ಒಡೆದ ಗಂಡು ಕಣಯ್ಯಾ ನೀನು" ಎಂದು ಜನ ನನ್ನನ್ನೇ ಹೊಗಳಿದಾಗ ಇಷ್ಟು ವರ್ಷ ತುಟಿ ಬಿಚ್ಚದೆ ಕೂತವನು ನಾನು. ಅದನ್ನೂ ಸಭೆಯಲ್ಲಿ ಹೇಳಿದೆ. ಆಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮಗಳಿಗೂ ಅಳಿಯಂದಿರಿಗೂ ನನ್ನ ಹಾರೈಕೆ ತಿಳಿಸು. ಮೊಮ್ಮಗಳ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ನೀನು ಭಾರ ಎತ್ತಬೇಡ.

ನಿನ್ನಿಂದ ಬೈಸಿಕೊಳ್ಳದೆ ಎರಡು ತಿಂಗಳಾದ,
ಮಗಳ ಅಪ್ಪ

ಮರೆತಿದ್ದೆ: ಅಂಚೆಯವನು ಬಂದುಬಿಟ್ಟ, ಚುಟುಕಾಗಿ ಬರೆಯುತ್ತೇನೆ. ನಿನ್ನ ಹೆಸರಿಲ್ಲದ ಪುಸ್ತಕ ಬರುವುದಾದರೆ ನನಗೆ ಈ ಕೆಲಸವೂ ಬೇಡ ಎಂದು ಸಭೆಯಲ್ಲೇ ಬರೆದುಕೊಟ್ಟು ಬಂದೆ. ಕೋಣೆಯನ್ನು ತಿಂಗಳ ಕೊನೆಗೆ ಬಿಡಬೇಕು. ಗಿರಣಿಯವರ ಓಣಿಯಲ್ಲಿ ಒಂದು ಮನೆ ನೋಡಿದ್ದೇನೆ, ಅಡುಗೆಮನೆಗೆ ಕಿಟಕಿ ಇದೆ. ಬಂದು ನೋಡಿ ಹೂಂ ಅನ್ನು. ಮಗಳಿಗೆ ಈಗಲೇ ಹೇಳಬೇಡ.